ಬೀಗರೂಟದ ಗೊರಕೆ

ಪೆಂಡಾಲು ನೀಲಿಯಾಗಿತ್ತು ಎಂದು ನಾನು, ಕೆಂಪು ಎಂದು ಹೆಂಡತಿ. ಫೋಟೊ ನೋಡಿದರೆ ತಿಳಿದೀತು, ನೋಡುವುದಿಲ್ಲ. ನೋಡಿದರೆ ಆ ಮಧ್ಯಾಹ್ನವೂ ಫೋಟೊದಂತೆ ಸುಮ್ಮನೆ ನಿಂತುಬಿಡುತ್ತದೆ. ಅದು ನಿಂತದ್ದೇ ಇಲ್ಲ.

ನ್ಯಾಮತಿಯಲ್ಲಿ ಮಗಳ ಮದುವೆ ಮುಗಿದ ಮರುದಿನ ಬೀಗರೂಟ. ಗಂಡಿನ ಕಡೆಯವರು ಜಗಳೂರಿನವರು. ಹೆಣ್ಣಿನ ಸೋದರಮಾವನಿಗೆ ಬೀಗರೇ ಹೆಂಡದ ಗ್ಲಾಸು ತುಂಬಿ ಕೊಡಬೇಕು, ಅವನು ಬೇಡ ಎನ್ನಬಾರದು. ಎಲ್ಲಿಂದ ಬಂದ ಪದ್ಧತಿಯೋ, ಅಂದು ಎಲ್ಲರೂ ಅಜ್ಜನ ಕಾಲದ್ದು ಎಂಬಂತೆ ನಡೆದುಕೊಂಡರು. ಸೋದರಮಾವನೆಂದರೆ ನನ್ನ ಹೆಂಡತಿಯ ತಮ್ಮ. ಕತ್ತಲಗೆರೆಯಲ್ಲಿ ಒಬ್ಬನೇ ಇರುತ್ತಾನೆ. ಅಷ್ಟರಲ್ಲಾಗಲೇ ಅವನು ಪೆಂಡಾಲಿನ ಹಿಂದೆ ಗಾಂಜಾ ಸೇದಿ, ನಿದ್ದೆಗುಳಿಗೆ ನುಂಗಿ ಬಂದಿದ್ದ. ಗುಳಿಗೆ ನಿದ್ದೆಗಲ್ಲ, ಅಮಲಿಗೆ. ಇದು ಆಮೇಲೆ ತಿಳಿದದ್ದು.

"ಏನ್ರೀ, ನಮ್ಮ ಕೈಯಾಗಿಂದು ಕುಡಿಯಾಕೆ ನಾಚಿಕೇನಾ?" ಎಂದರು ಬೀಗರು.

"ನಾಚಿಕೆ ಮದುಮಗಳಿಗಿರ್ಲಿ, ನೀವು ಹಾಕ್ರಿ," ಎಂದ ಇವನು.

ಊಟದ ಎಲೆ ತೆಗೆಯುವ ಹೊತ್ತಿಗೆ ಜಮಖಾನದ ಮೇಲೆ ಅಂಗಾತ ಬಿದ್ದಿದ್ದ. ಗೊರಕೆ.

"ಲಾರಿ ಘಾಟಿ ಹತ್ತತಾ ಐತೆ!" ಯಾರೋ ಅಂದರು. ನಕ್ಕೆವು. ಅಮಲು ಇಳಿಯಲೆಂದು ಒಬ್ಬರು ಮಜ್ಜಿಗೆ ತಂದು ಅವನ ಬಾಯಿಗೆ ಹಿಡಿದರು. ಹೆಂಡತಿ ಲೋಟ ತಳ್ಳಿದಳು.

"ಇದು ಗೊರಕೆ ಅಲ್ರೀ! ಉಸಿರು ಸಿಗ್ತಿಲ್ಲ ಇವನಿಗೆ. ತುಟಿ ನೋಡ್ರಿ."

ತುಟಿ ನೀಲಿಯಾಗಿತ್ತು. ಅವಳು ತಮ್ಮನನ್ನು ಮಗ್ಗುಲಿಗೆ ಹೊರಳಿಸಿ ಜೇಬು ತಡಕಿದಳು. ಕಾರು. ಹೊನ್ನಾಳಿಯ ರಸ್ತೆ. ಆ ರಸ್ತೆಯನ್ನು ನಾನು ನೋಡಿದ್ದೇ ನೆನಪಿಲ್ಲ, ಅವನ ಎದೆ ಏಳುವುದನ್ನು ಕಾದದ್ದಷ್ಟೇ.

"ಏನೇನು ತಗೊಂಡಿದ್ದಾರೆ?" ಎಂದರು ಆಸ್ಪತ್ರೆಯ ಡಾಕ್ಟರು.

"ಬಿಸಿಲು ಸಾರ್. ಒಂದೀಟು ಎಣ್ಣೆ ಹಾಕ್ಯಾರೆ, ಅಷ್ಟೇ." ಜೊತೆಗೆ ಬಂದಿದ್ದ ಬೀಗರು ನಮ್ಮ ಮರ್ಯಾದೆ ಕಾಯುತ್ತಿದ್ದರು. ಅಥವಾ ತಮ್ಮದನ್ನು.

ಹೆಂಡತಿ ಅವನ ಜೇಬಿನಲ್ಲಿ ಸಿಕ್ಕ ಖಾಲಿ ಗುಳಿಗೆ ಹಾಳೆಯನ್ನು ಮೇಜಿನ ಮೇಲಿಟ್ಟಳು. "ಇದನ್ನೂ ನುಂಗ್ಯಾನೆ ಸಾರ್. ಗಾಂಜಾನೂ ಸೇದ್ಯಾನೆ, ಬಟ್ಟೆ ಮೂಸಿದ್ರೆ ಗೊತ್ತಾಗತೈತೆ."

ಹೊಸ ಬೀಗರ ಎದುರಿಗೇ. ಅವರು ನೆಲ ನೋಡಿದರು. ಡಾಕ್ಟರು ಆಗಲೇ ಅವನ ಮೂಗಿಗೆ ಆಕ್ಸಿಜನ್ ಹಾಕುತ್ತಿದ್ದರು. "ಗುಳಿಗೆನೂ ಉಸಿರು ನಿಧಾನ ಮಾಡುತ್ತೆ, ಹೆಂಡಾನೂ ಮಾಡುತ್ತೆ. ಎರಡೂ ಕೂಡಿದ್ರೆ ಉಸಿರೇ ನಿಂತುಬಿಡಬಹುದು. ಮೊದಲೇ ಹೇಳಬಾರದಾ?"

ಮರುದಿನ ಅವನು ಕಣ್ಣುಬಿಟ್ಟ. ಅದರ ಮರುದಿನವೂ ಇರಬಹುದು.

"ನಾನೇನು ಜಾಸ್ತಿ ತಗಂಡಿಲ್ಲ ಅಕ್ಕಾ. ಎಲ್ಲಾ ಒಂದೀಟು ಒಂದೀಟು."

"ಮನ್ಯಾಗೆ ಇನ್ನೂ ಐತಾ ಗುಳಿಗೆ?"

"ಬೀಗರು ಏನಂದ್ರು?"

"ಕೀಲಿ ಕೊಡು."

ಅವನು ಗೋಡೆಯತ್ತ ತಿರುಗಿದ. ಅವಳು ಕುರ್ಚಿಯ ಮೇಲಿದ್ದ ಅವನ ಪ್ಯಾಂಟಿನಿಂದ ಕೀಲಿ ತೆಗೆದುಕೊಂಡು, ಕತ್ತಲಗೆರೆಯ ಮನೆಯಲ್ಲಿ ಉಳಿದ ಗುಳಿಗೆ ಎಸೆಯಲೆಂದು ಚನ್ನಗಿರಿ ಬಸ್ಸಿಗೆ ಓಡಿದಳು. ಬಸ್ಸು ಹೊರಟಿತೋ ಇಲ್ಲವೋ, ಅವನು ಎದ್ದು ಕೂತ. ಕಾಲು ಮಂಚದ ಕೆಳಗೆ ಚಪ್ಪಲಿ ಹುಡುಕುತ್ತಿತ್ತು.

"ಭಾವ, ನಾನೂ ಹೊರಡ್ಲಾ?"

ನಾನು ಸ್ಟೂಲನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು ಕೂತೆ.