ಒಂದು ಗೆರಟೆ, ಒಬ್ಬರ ಊಟ

ನಿನ್ನೆ ಸೊಸೆ ವಾರಪತ್ರಿಕೆಯೊಂದನ್ನು ಎದುರಿಗೆ ಹರಡಿಕೊಂಡು ಯಾವುದೋ ಹೊಸ ತಿಂಡಿ ಮಾಡಲು ಹೊರಟಿದ್ದಳು. ಅದರಲ್ಲಿ ಅಕ್ಕಿ ಇನ್ನೂರೈವತ್ತು ಗ್ರಾಮ್ ಎಂದಿತ್ತು. ನಮ್ಮಲ್ಲಿ ತಕ್ಕಡಿ ಇಲ್ಲ. ಎಷ್ಟು ಹಾಕುವುದೆಂದು ಅವಳು ಕೇಳಿದಾಗ ನನ್ನ ಕೈ ತಾನಾಗಿ, ಆಗಷ್ಟೇ ತುರಿದಿಟ್ಟಿದ್ದ ತೆಂಗಿನಕಾಯಿಯ ಖಾಲಿ ಚಿಪ್ಪಿಗೆ, ಗೆರಟೆಗೆ ಹೋಯಿತು. ಹಸಿ ಗೆರಟೆಯ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ತವರೂರು ಜೆಪ್ಪುವಿನ ಆಚೆಮನೆ ದೊಡ್ಡಮ್ಮ ಕಣ್ಣೆದುರು ಬಂದು ಕೂತರು...

ದೊಡ್ಡಮ್ಮ ನಮಗೆ ಸಂಬಂಧವೇನೂ ಅಲ್ಲ. ಎರಡು ಮನೆಗಳ ನಡುವೆ ಒಂದು ದಾಸವಾಳದ ಬೇಲಿ, ಅಷ್ಟೆ. ಅವರಲ್ಲಿ ಸೇರು, ಪಾವು ಯಾವುದೂ ಇರಲಿಲ್ಲ. ಇದ್ದದ್ದು ಉಜ್ಜಿ ಉಜ್ಜಿ ಹೊಳಪು ಬಂದ ಒಂದು ಗೆರಟೆ. ನಾಲ್ಕು ಗೆರಟೆ ಅಕ್ಕಿ ಒಂದು ಸೇರು. ಒಂದು ಗೆರಟೆ ಒಬ್ಬರ ಊಟ. ಮಕ್ಕಳಿಗೆ ಅರ್ಧ, ದಕ್ಕೆಯಲ್ಲಿ ಹಡಗಿನ ಮೂಟೆ ಹೊರುವವರಿಗೆ ಗೋಪುರ ಕಟ್ಟಿದ ಹಾಗೆ. ಬಾಣಂತಿಗೆ ಎಷ್ಟೆಂದು ಅಮ್ಮ ಕೇಳಿದ್ದಕ್ಕೆ, ಅವಳ ಮುಖ ನೋಡದೆ ಹೇಳಲಿಕ್ಕಾಗುವುದಿಲ್ಲ ಎಂದಿದ್ದರಂತೆ.

ಅವರ ಒಬ್ಬನೇ ಮಗ ರಂಗೂನಿಗೆ ದುಡಿಯಲು ಹೋಗಿದ್ದ. ಅಲ್ಲಿಗೂ ಯುದ್ಧ ಬಂದ ಮೇಲೆ ಸುದ್ದಿಯೇ ಇಲ್ಲ. ಕಾಡು ಗುಡ್ಡ ದಾಟಿ ನಡೆದೇ ಬಂದವರು ಕೆಲವರು ಊರು ಸೇರಿದ್ದರು, ಅವನು ಬರಲಿಲ್ಲ. ದೊಡ್ಡಮ್ಮ ಮಾತ್ರ ದಿನಾ ಎರಡು ಗೆರಟೆ ಅಳೆಯುತ್ತಿದ್ದರು. ಹಸಿದುಕೊಂಡು ಬಂದವನನ್ನು ಅಕ್ಕಿ ಬೇಯುವವರೆಗೆ ಕೂರಿಸುವುದು ಹೇಗೆ ಎಂಬುದು ಅವರ ಚಿಂತೆ. ಉಳಿದ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ತಾವೇ ಉಣ್ಣುತ್ತಿದ್ದರು. ರೇಶನ್ ಬಂದ ಮೇಲೆ ಸಿಕ್ಕಿದ್ದೇ ಒಬ್ಬರ ಅಕ್ಕಿ. ಆಗ ಒಂದು ಗೆರಟೆಯನ್ನೇ ಪಾಲು ಮಾಡಿದರು. ಅರ್ಧ ಒಲೆಯ ಮೇಲೆ, ಅರ್ಧ ಮಗನಿಗೆಂದು ಮೂಲೆಯ ಭರಣಿಗೆ. ಮೈ ಇಳಿದುಹೋಯಿತೆಂದು ಅಮ್ಮ ಬೈದರೂ ಕೇಳುತ್ತಿರಲಿಲ್ಲ...

ಹಾಗಿರುವಾಗ ನನ್ನ ಅಕ್ಕನ ಮದುವೆ ನಿಶ್ಚಯಕ್ಕೆ ಕುದ್ರೋಳಿಯಿಂದ ಗಂಡಿನ ಕಡೆಯವರು ಬರುವುದೆಂದಾಯಿತು. ಹಿಂದೆ ಒಂದು ಸಂಬಂಧ ಸಣ್ಣ ಮಾತಿಗೆ ತಪ್ಪಿಹೋಗಿತ್ತು. ಈ ಸಲ ಊಟ ಸಾಲಲಿಲ್ಲ ಎಂಬ ಮಾತು ಹುಟ್ಟಿದರೆ ಅಕ್ಕ ಮನೆಯಲ್ಲೇ ಉಳಿದಾಳೆಂದು ಅಮ್ಮನಿಗೆ ಹೆದರಿಕೆ.

ಅಕ್ಕಿ ಹೇಗಾದರೂ ಹೊಂದಿಸಿ ತರುವ ಕೆಲಸ ಸೋದರಮಾವನದು. ಅಮ್ಮ ಹೇಳಿದ್ದು ಹತ್ತು ಸೇರು. ನಮ್ಮ ಊರಿನಲ್ಲಿ ಸೇರು ಎರಡು: ಅಕ್ಕಿ ಅಳೆಯುವ ಸೇರು ದೊಡ್ಡದು, ಬೆಲ್ಲ ಮೆಣಸು ತೂಗುವ ಸೇರು ಸಣ್ಣದು. ಹೆಸರು ಮಾತ್ರ ಒಂದೇ. ಮಾವ ಬೆಲ್ಲದ ಜೊತೆ ಅಕ್ಕಿಯನ್ನೂ ತೂಗಿಸಿಕೊಂಡೇ ಬಂದಿದ್ದರು. ನಿಶ್ಚಯದ ದಿನ ಬೆಳಿಗ್ಗೆ ಅಡುಗೆಗೆ ಬಂದ ದೊಡ್ಡಮ್ಮ ಅಳೆಯತೊಡಗಿದರೆ, ನಲವತ್ತು ಆಗಬೇಕಾದಲ್ಲಿ ಹನ್ನೆರಡನೆಯದಕ್ಕೇ ಗೆರಟೆ ಚೀಲದ ತಳ ಕೆರೆಯಿತು.

"ಇದು ಯಾವ ಸೇರು ಮಾರಾಯ?" ಎಂದರು ದೊಡ್ಡಮ್ಮ.

"ಸೇರು ಅಂದ್ರೆ ಸೇರು. ಅದಕ್ಕೆಂತ ಜಾತಿ ಕುಲ ಉಂಟಾ?" ಎಂದರು ಮಾವ.

"ಉಂಟು. ನೀನು ತಂದದ್ದು ಮೆಣಸಿನ ಸೇರು. ಬಂದವರು ಮೆಣಸು ತಿಂದು ಹೋಗ್ಲಾ?"

ಅಮ್ಮ ಒಲೆಯ ಹತ್ತಿರವೇ ಕುಸಿದು ಕೂತಳು. ಬರುವವರು ಮೂವತ್ತಕ್ಕೂ ಮೇಲೆ. ಆ ದಿನಗಳಲ್ಲಿ ಯಾರ ಮನೆಯಲ್ಲಿ ಕೇಳಿದರೂ ಅಕ್ಕಿ ಅವರವರಿಗೇ ಇಲ್ಲ.

ದೊಡ್ಡಮ್ಮ ಬೇಲಿ ದಾಟಿ ಹೋದರು. ಬರುವಾಗ ಭರಣಿ ಸೊಂಟದ ಮೇಲಿತ್ತು. ಅಮ್ಮ ಎದ್ದು ಅವರ ಕೈ ಹಿಡಿದುಕೊಂಡಳು.

"ಬೇಡ ಅಕ್ಕ. ಅದು ಅವನದ್ದಲ್ವಾ?"

ದೊಡ್ಡಮ್ಮ ಭರಣಿಯೊಳಗೆ ನೋಡಿದರು. "ಅವನಿಗೆ ಇನ್ನು ಹಸಿವಾಗುವುದಿಲ್ಲ ಮಾರಾಯ್ತಿ," ಎಂದರು. "ಕೈ ಬಿಡು, ಹಾಕ್ತೇನೆ."

ಅದನ್ನು ಅವರು ಅಳೆಯಲಿಲ್ಲ. ಹಾಗೆಯೇ ಸುರಿದರು.

ಊಟ ಸಾಕಾಗಿ ಮಿಕ್ಕಿತು. ಅಕ್ಕನ ಮದುವೆಯೂ ಆಯಿತು. ಎಷ್ಟೋ ದಿನದ ಮೇಲೆ ಅಮ್ಮ ಹೇಗೋ ಅಕ್ಕಿ ಒಟ್ಟು ಮಾಡಿ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಭರಣಿ ಅಂಗಳದಲ್ಲಿ ಕವುಚಿ ಬಿದ್ದಿತ್ತು. ದೊಡ್ಡಮ್ಮ ಅಕ್ಕಿಯನ್ನು ಮೊರಕ್ಕೆ ಹಾಕಿಸಿಕೊಂಡರು; ನಮ್ಮೆದುರೇ ಒಂದು ಗೆರಟೆ ಅಳೆದು, ಅಂಗೈಯಿಂದ ಸವರಿ, ಪೂರ್ತಿ ಪಾತ್ರೆಗೆ ಹಾಕಿದರು. ಒಂದೇ ಗೆರಟೆ. ಮಗನ ಪಾಲೆಂದು ಏನನ್ನೂ ತೆಗೆದಿಡಲಿಲ್ಲ...

ದೊಡ್ಡಮ್ಮ ತೀರಿಹೋಗಿ ಎಷ್ಟೋ ಕಾಲವಾಯಿತು. ಆ ಗೆರಟೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರ ಮನೆ ಖಾಲಿ ಮಾಡಿದವರು ಯಾವುದೋ ಒಲೆಗೆ ಹಾಕಿರಬೇಕು.

ನಿನ್ನೆ ನಾನು ಅಳೆದು ಸವರಿ ಕೊಟ್ಟದ್ದನ್ನು ನೋಡಿ ಸೊಸೆಗೆ ಅನುಮಾನ. "ಇದು ಇನ್ನೂರೈವತ್ತು ಗ್ರಾಮ್ ಆಗ್ತದಾ ಅತ್ತೆ?"

"ಒಬ್ಬರ ಊಟ ಆಗ್ತದೆ," ಎಂದೆ.

ಅವಳು ನಕ್ಕು ತನ್ನ ಕೆಲಸಕ್ಕೆ ತಿರುಗಿದಳು. ಗೆರಟೆಯನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ. ತೊಳೆದು, ಕವುಚಿ ಇಟ್ಟೆ.