ಫಕ್ಕೀರೇಶಪ್ಪನ ಗಂಟಲು ಕಟ್ಟಿದ ದಿನ

ಹಾನಗಲ್ ತಾಲೂಕಿನಲ್ಲಿ ಕೊಬ್ಬರಿ ಹೋರಿ ಬಿಡುವ ಹಬ್ಬವೆಂದರೆ ಹೋರಿಗಿಂತ ಮೊದಲು ಫಕ್ಕೀರೇಶಪ್ಪನ ದನಿ ಊರಿಗೆ ಬರುತ್ತಿತ್ತು. ಕೊರಳಿಗೆ ಕೊಬ್ಬರಿ ಸರ ಕಟ್ಟಿಸಿಕೊಂಡ ಹೋರಿ, ಅದನ್ನು ಹಿಡಿದು ಸರ ಕೀಳಲು ಕಾದ ಹುಡುಗರ ನಡುವೆ ಅಖಾಡಕ್ಕೆ ನುಗ್ಗುವಾಗ ಅದರ ಹೆಸರು, ಊರು, ಪ್ರತಾಪಗಳನ್ನು ಮೈಕಿನಲ್ಲಿ ಕೂಗುವುದು ಆತನ ಕೆಲಸ. ಹೋರಿಗಳು ಓಡುವುದೇ ತನ್ನ ಬಾಯಿಯ ಬಲದಿಂದ ಎಂದು ಆತ ನಂಬಿದ್ದ. ಹೋರಿಗಳನ್ನು ಯಾರೂ ಕೇಳಿರಲಿಲ್ಲ.

ಗೊಟಗೋಡಿಯ ವಿಶ್ವವಿದ್ಯಾಲಯದಲ್ಲಿ ಜಾನಪದ ಓದುತ್ತಿದ್ದ ಮಗಳು ಸುಧಾರಾಣಿಗೂ ಅದೇ ಹುಚ್ಚು. ರಜೆಗೆ ಬಂದಾಗ ತಂಬಿಗೆಯನ್ನೇ ಮೈಕು ಮಾಡಿಕೊಂಡು ಎಮ್ಮೆಯೆದುರು ಕೂಗಿ ಕೂಗಿ, ಅದು ಹಾಲು ಕಡಿಮೆ ಕೊಡುವಂತೆ ಮಾಡಿದ್ದಳು. ಈ ಸಲ ಮೈಕು ಅವಳಿಗೇ ಕೊಡಬೇಕೆಂದು ಫಕ್ಕೀರೇಶಪ್ಪ ಹಬ್ಬದ ಕಮಿಟಿಯ ಅಧ್ಯಕ್ಷ ಶಂಕ್ರಪ್ಪನವರನ್ನು ಕೇಳಿದ.

“ಹೆಣ್ಣುಹುಡುಗಿ ಕೂಗಿದ್ರ ಹೋರಿ ಓಡ್ತಾವೇನೋ ಮಾರಾಯ?”

“ಹೋರಿ ಓಡೂದು ಕಾಲಿಂದ್ರೀ.”

“ಇಷ್ಟು ದಿನ ನನ್ನ ಬಾಯಿಂದ ಅಂತಿದ್ಯಲ್ಲೋ! ನಿನ್ನ ಬಿಟ್ಟು ಯಾರಿಗೂ ಮೈಕು ಕೊಡಂಗಿಲ್ಲ, ಹೋಗು.”

ಫಕ್ಕೀರೇಶಪ್ಪ ಮನೆಗೆ ಬಂದು ಹೆಂಡತಿ ಶಾರವ್ವನ ಕಿವಿಯಲ್ಲಿ ತನ್ನ ಉಪಾಯ ಹೇಳಿದ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನೀವು ಒಂದಿನ ಪೂರಾ ಸುಮ್ನಿರ್ತೀರಂದ್ರ, ಅದನ್ನ ನೋಡಾಕರೆ ನಾನೂ ಬರ್ತೇನ್ರಿ.”

ಹಬ್ಬದ ದಿನ ಆತ ಕೊರಳಿಗೆ ಮಫ್ಲರ್ ಸುತ್ತಿಕೊಂಡು ವೇದಿಕೆ ಹತ್ತಿದ. ದನಿಯೇ ಇಲ್ಲವೆಂದು ಗಂಟಲು ತೋರಿಸಿದ, ಆಕಾಶ ತೋರಿಸಿದ, ಮಗಳನ್ನು ತೋರಿಸಿದ. ಹೋರಿಗಳು ಸಾಲಾಗಿ ನಿಂತು ಬುಸುಗುಡುತ್ತಿದ್ದವು, ಜನ ಸಿಳ್ಳೆ ಹಾಕುತ್ತಿದ್ದರು. “ತಡಕೊಳ್ರೋ!” ಎಂದು ಬೈದು ಬೈದು ಸೋತ ಶಂಕ್ರಪ್ಪನವರು ಗತಿಯಿಲ್ಲದೆ ಮೈಕನ್ನು ಸುಧಾರಾಣಿಯ ಕೈಗಿಟ್ಟರು.

ಮೊದಲ ಹೋರಿ ಬಂತು. ಎಮ್ಮೆಯೆದುರು ಸಲೀಸಾಗಿ ಹೊರಳುತ್ತಿದ್ದ ಅವಳ ನಾಲಿಗೆ ಸಾವಿರ ಜನರೆದುರು ಒಣಗಿ ಕೂತಿತು. ಶಂಕ್ರಪ್ಪನವರು ಮೈಕು ಕಿತ್ತು ಫಕ್ಕೀರೇಶಪ್ಪನ ಬಾಯಿಗೇ ಹಿಡಿದರು. “ಹೆಂಗರೆ ಮಾಡಿ ನೀನ ಒಂದ ಮಾತು ಒದರೋ!”

ಹೋರಿಯ ಹೆಸರು, ಅದರ ತಾಯಿಯ ಹೆಸರು, ಎಲ್ಲ ಆತನ ಹಲ್ಲಿನ ಹಿಂದೆ ಬಂದು ನಿಂತಿತ್ತು. ಶಾರವ್ವ ದೂರದಿಂದಲೇ ಕಣ್ಣು ಬಿಟ್ಟಳು. ಆತ ಮಫ್ಲರಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಮೈಕನ್ನು ಮಗಳ ಕಡೆಗೆ ತಳ್ಳಿದ.

ಸುಧಾರಾಣಿ ಅಪ್ಪನ ಉಬ್ಬಿದ ಕೆನ್ನೆ ನೋಡಿದಳು. ನಗು ಬಂತು. ನಗುವಿನ ಹಿಂದೆಯೇ ದನಿಯೂ ಬಂತು.

“ಹೋರಿ ಹಿಡಿಯೋರು ಮುಂದ ಬರ್ರಿ! ಸೆಲ್ಫಿ ಹಿಡಿಯೋರು ನಿಮ್ಮವ್ವನ ಹಿಂದ ನಿಂದರ್ರಿ!”

ಅಖಾಡ ಗೊಳ್ಳೆಂದಿತು. ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಹೋರಿಗಳೂ ಎಂದಿನಂತೆ ಕಾಲಿಂದಲೇ ಓಡಿದವು.

ಸಂಜೆ ಶಂಕ್ರಪ್ಪನವರು ಫಕ್ಕೀರೇಶಪ್ಪನ ಹೆಗಲ ಮೇಲೆ ಕೈಯಿಟ್ಟರು. “ಶಿಗ್ಗಾಂವಿ ಕಡೆಯವರು ಮುಂದಿನ ಹಬ್ಬಕ್ಕ ನಿನ್ನ ಮಗಳನ್ನ ಕೇಳಾಕತ್ತಾರ. ನೀ ಗಂಟಲಿಗೆ ಸಾವಕಾಶ ಔಷಧ ತಗೋ. ಅವಸರೇನಿಲ್ಲ.”

ಇದಕ್ಕೆ ಕೊಡಬೇಕಾದ ಉತ್ತರ ಫಕ್ಕೀರೇಶಪ್ಪನ ಬಳಿ ಒಂದು ತಾಸಿನಷ್ಟಿತ್ತು. ಆತ ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡು, ಮೈಕಿಲ್ಲದೆಯೇ ಅಖಾಡದ ಆಚೆ ತುದಿಗೆ ಕೇಳುವಂತೆ ಕೆಮ್ಮಿದ.