ಅರಮನೆ ನೋಡಲು ಹೋದ ರಜೆ

ಆಗೆಲ್ಲ ಕುಲಶೇಖರದ ನಮ್ಮ ಓಣಿಯ ಮಕ್ಕಳಿಗೆ ಬೇಸಗೆ ರಜೆ ಎಂದರೆ ಅಜ್ಜಿಯ ಮನೆ, ಹೆಚ್ಚೆಂದರೆ ಪಣಂಬೂರಿನ ಕಡಲು. ಗೇರುಹಣ್ಣಿನ ಕಲೆ ಹತ್ತಿದ ಫ್ರಾಕು ತೊಟ್ಟು, ಕತ್ತಲಾಗುವವರೆಗೆ ಲಗೋರಿ ಆಡಿ, ಕಾಲು ತೊಳೆಯದೆ ಒಳಗೆ ಬಂದು ಬೈಸಿಕೊಳ್ಳುವುದು. ಹಾಗಿರುವಾಗ, ನನಗೆ ಒಂಬತ್ತು ತುಂಬಿದ ಬೇಸಗೆಯಲ್ಲಿ ಅಮ್ಮ, "ರೈಲಲ್ಲಿ ಅರಮನೆ ನೋಡ್ಲಿಕ್ಕೆ ಹೋಗುವ" ಎಂದರು. ನಾನು ಮನೆಮನೆಗೆ ಓಡಿ ಸುದ್ದಿ ಸಾರಿ ಬಂದೆ.

ದೂರದ ಉತ್ತರ ಭಾರತದ ಓರ್ಛಾ ಎಂಬ ಪುಟ್ಟ ಊರಿನಲ್ಲಿ ಅಮ್ಮನ ಅಣ್ಣ, ನಮ್ಮ ಮಾವ, ಹೋಟೆಲು ಇಟ್ಟಿದ್ದರು. ಕೋಟೆ ನೋಡಲು ಬರುವವರಿಗೆ ಮಸಾಲೆದೋಸೆ, ಫಿಲ್ಟರ್ ಕಾಫಿ. ಮಾವ, ಮಾಮಿಗೆ ಮಕ್ಕಳಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ಅದಕ್ಕೂ ನಮ್ಮ ಪ್ರವಾಸಕ್ಕೂ ಸಂಬಂಧವಿದೆಯೆಂದು ಊಹಿಸುವ ವಯಸ್ಸು ಅದಲ್ಲ.

ಅಪ್ಪ ಬಂದರಿನ ಅಂಗಡಿಯ ಕೆಲಸ ಬಿಟ್ಟು ಬರುವಂತಿರಲಿಲ್ಲ. ಅಮ್ಮ, ಅಕ್ಕ, ನಾನು ಕಂಕನಾಡಿಯಲ್ಲಿ ರೈಲು ಹತ್ತಿದೆವು. ಬಸ್ಸಿನಲ್ಲಿ ಕೂಡ ಕಿಟಕಿಗಾಗಿ ನನ್ನನ್ನು ಚಿವುಟುತ್ತಿದ್ದ ಅಕ್ಕ ಅಂದು ತಾನಾಗಿಯೇ ಸರಿದು ಕೂತಳು.

"ಕಿಟಕಿ ನೀನೇ ಇಟ್ಕೋ."

"ಇಡೀ ದಾರಿಯಾ?"

"ಹ್ಞೂಂ, ಇಡೀ ದಾರಿ."

ಅವಳಿಗೆ ಒಮ್ಮೆಲೇ ಇಷ್ಟು ಒಳ್ಳೆಯ ಬುದ್ಧಿ ಹೇಗೆ ಬಂತೆಂದು ನಾನು ಯೋಚಿಸಲಿಲ್ಲ. ಅಮ್ಮ ಕೂಡ ಪ್ರತಿ ಸ್ಟೇಷನ್ನಿನಲ್ಲಿ ನಾನು ಕೇಳಿದ್ದನ್ನೆಲ್ಲ ಕೊಡಿಸಿದರು.

ಮೂರನೆಯ ದಿನ ಝಾನ್ಸಿಯಲ್ಲಿ ಇಳಿದು ಟೆಂಪೋ ಹಿಡಿದೆವು. ನಮ್ಮ ಊರಿನ ಬೆವರಿನ ಸೆಕೆಯಲ್ಲ ಅದು, ಬಾಣಲೆಯಿಂದ ಏಳುವಂಥ ಒಣ ಬಿಸಿ. ಹೊಳೆಯ ಸೇತುವೆ ದಾಟಿದರೆ ಅರಮನೆ. ಕಲ್ಲಿನ ಗುಮ್ಮಟಗಳು, ಗೋಡೆಯಲ್ಲಿ ಅಲ್ಲಲ್ಲಿ ಉಳಿದ ನೀಲಿ ಹೆಂಚಿನ ಚೂರುಗಳು, ತಲೆ ತಗ್ಗಿಸಿ ಹತ್ತಬೇಕಾದ ಕತ್ತಲೆ ಮೆಟ್ಟಿಲುಗಳು, ಬಾವಲಿಗಳ ವಾಸನೆ. ನಾಲ್ಕು ದಿನ ಅಕ್ಕನೊಂದಿಗೆ ಅಲ್ಲಿ ಕಣ್ಣಾಮುಚ್ಚಾಲೆ ಆಡಿದೆ. ಪ್ರತಿ ಸಲ ನಾನೇ ಗೆದ್ದೆ. ಮಧ್ಯಾಹ್ನ ಬಂದರೆ ಮಾಮಿ ಮಣ್ಣಿನ ಹೂಜಿಯ ನೀರು ಕೊಟ್ಟು, ನೀರುದೋಸೆಯ ಮೇಲೆ ಬೆಲ್ಲ ಹಾಕಿದ ಕಾಯಿತುರಿ ಹರಡುತ್ತಿದ್ದರು.

ಐದನೆಯ ದಿನ ಬೆಳಿಗ್ಗೆ ಅಮ್ಮ, "ನನಗೆ ತಲೆನೋವು. ನೀನು ಮಾಮಿಯೊಟ್ಟಿಗೆ ಹೋಗಿ ಬಾ" ಎಂದರು. ಅಕ್ಕ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು.

ಬಿಸಿಲೇರುವ ಮೊದಲೇ ಮಾಮಿ, ನಾನು ಅರಮನೆಯ ತುತ್ತತುದಿಗೆ ಹತ್ತಿದೆವು. ಕಲ್ಲಿನ ಜಾಲರಿಯಿಂದ ಇಡೀ ಊರು ಕಾಣುತ್ತಿತ್ತು. ಮಾವನ ಹೋಟೆಲಿನ ಎದುರು ಒಂದು ಟೆಂಪೋ. ಹಸಿರು ಸೀರೆಯ ಅಮ್ಮ, ಚೀಲ ಹಿಡಿದ ಅಕ್ಕ. ನಮ್ಮನ್ನು ಸೇರಿಕೊಳ್ಳಲು ಬರುತ್ತಿದ್ದಾರೆಂದು ನಾನು ಕೈ ಬೀಸಿ ಕೂಗಿದೆ. ಟೆಂಪೋ ಇತ್ತ ಬರಲಿಲ್ಲ. ಝಾನ್ಸಿಯ ರಸ್ತೆಗೆ ತಿರುಗಿ ಧೂಳಿನಲ್ಲಿ ಮರೆಯಾಯಿತು.

"ಅಮ್ಮ ಎಲ್ಲಿಗೆ ಹೋಗುದು ಮಾಮೀ?"

ಮಾಮಿ ನನ್ನನ್ನೇ ನೋಡಿದರು. "ಊರಿಗೆ. ನಿನಗೆ ಗೊತ್ತುಂಟಲ್ಲ ಮಗಾ?"

"ಎಂತ ಗೊತ್ತುಂಟು?"

"ನೀನು ನಮ್ಮೊಟ್ಟಿಗೇ ಇರ್ತಿ ಅಂತ. ನೀನೇ ಒಪ್ಪಿದ್ದಿ ಅಂತ ನಿನ್ನ ಅಮ್ಮನೇ ಹೇಳಿದ್ಳು."

"ನಾನು ಹೇಳ್ಲೇ ಇಲ್ಲ!"

ಮಾಮಿ ಆ ಕಲ್ಲಿನ ನೆಲದ ಮೇಲೆ ಕುಸಿದು ಕೂತದ್ದು ನೆನಪಿದೆ. ನಾನು ಮೆಟ್ಟಿಲಿಳಿದು ಓಡಿದೆ, ಬಿದ್ದೆ, ಮಂಡಿ ತರಚಿಕೊಂಡು ಮತ್ತೆ ಓಡಿದೆ. ಸೇತುವೆಯ ತನಕ ಓಡಿದೆ. ಅಲ್ಲಿಗೆ ಬರುವಾಗ ರಸ್ತೆಯಲ್ಲಿ ಧೂಳೂ ಇರಲಿಲ್ಲ.

ಮಾವ ಕೆಟ್ಟವರಲ್ಲ. ಹೊಸ ಯೂನಿಫಾರ್ಮು ಹೊಲಿಸಿದರು, ಸೈಕಲ್ ತಂದರು. "ಇನ್ನು ಮಾಮಿಯನ್ನು ಅಮ್ಮ ಅಂತ ಕರಿ" ಎಂದರು. ಮಾಮಿ ತಡೆದರು: "ಅವಳ ಬಾಯಿಗೆ ಒತ್ತಾಯ ಮಾಡ್ಬೇಡಿ." ವಾರಕ್ಕೊಮ್ಮೆ ಅಮ್ಮನ ಫೋನು. "ಅಭ್ಯಾಸ ಆಗ್ತದೆ ಮಗಾ. ಅಲ್ಲಿ ನಿನಗೆ ಎಂತ ಕಡಿಮೆ ಉಂಟು?" ಮೊದಮೊದಲು ಅಳುತ್ತಿದ್ದೆ. ಆಮೇಲೆ ಫೋನು ಬಂದಾಗ ಹಿತ್ತಿಲಿಗೆ ಹೋಗಿ ನಿಲ್ಲತೊಡಗಿದೆ. ಶಾಲೆಯಲ್ಲಿ ಹಿಂದಿ ತಿಳಿಯದೆ ಮೂಕಿಯಂತೆ ಕೂರುತ್ತಿದ್ದೆ. ಊಟ ಇಳಿಯುತ್ತಿರಲಿಲ್ಲ.

ಅಲ್ಲಿಯೂ ಮಳೆ ಬಂತು. ಒಂದು ದಿನ ಮಾಮಿ ನನ್ನ ತಲೆ ಬಾಚುತ್ತಾ ಮೆಲ್ಲ ಕೇಳಿದರು: "ಮನೆಗೆ ಹೋಗುವನಾ?" ತವರಿಗೆ ಹೋಗಿ ಬರುತ್ತೇನೆಂದು ಮಾವನಿಗೆ ಹೇಳಿ, ನನ್ನನ್ನೂ ಕರೆದುಕೊಂಡು ಹೊರಟರು. ಗಂಡನಿಗೆ ಅವರು ಹೇಳಿದ ಮೊದಲ ಸುಳ್ಳು ಅದಾಗಿರಬೇಕು.

ನಾವು ಕುಲಶೇಖರ ತಲುಪಿದಾಗ ಅಮ್ಮ ಹಿತ್ತಿಲಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದರು. ದಾರಿಯುದ್ದಕ್ಕೂ ನಾನು ಅವರ ಮುಖವನ್ನು ಕಲ್ಪಿಸಿಕೊಂಡಿದ್ದೆ. ನಾನು ಕಂಡದ್ದು ಬರೀ ಗಾಬರಿ.

"ಅಣ್ಣನಿಗೆ ಹೇಳಿದ್ದೀರಾ ಅತ್ತಿಗೆ?"

"ಮಗುವಿಗೆ ಹೇಳದೆ ಬಿಟ್ಟು ಹೋದವಳು ನೀನು. ಅವರಿಗೆ ಹೇಳದೆ ಕರ್ಕೊಂಡು ಬಂದವಳು ನಾನು. ಸರಿಗೆ ಸರಿ ಆಯ್ತಲ್ಲ ಸರೋಜಾ?"

ಆಮೇಲೆ ಅಮ್ಮ ಕೈ ತೊಳೆದು ಬಂದು ನನ್ನನ್ನು ತಬ್ಬಿಕೊಂಡು ಅತ್ತರು. ನನ್ನ ಕೈಗಳು ಮೇಲೇಳಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಅಕ್ಕ, "ಹೇಳಿದ್ರೆ ಕೊಲ್ತೇನೆ ಅಂತ ಅಮ್ಮ ಅಂದಿದ್ರು" ಎಂದು ಪಿಸುಗುಟ್ಟಿದಳು. ಅವಳೂ ಮಗುವೇ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಮಾಮಿ ಚಹಾ ಕೂಡ ಕುಡಿಯದೆ ಹೊರಟರು. ಮಾವ ಆಮೇಲೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ, ಮಾಮಿಯನ್ನು ಕಳಿಸಲೂ ಇಲ್ಲ. ನನಗೆ ನಿಜ ಹೇಳಿದ ಒಬ್ಬರೇ ಒಬ್ಬ ದೊಡ್ಡವರು ಹಾಗೆ ಕೈತಪ್ಪಿ ಹೋದರು. ಅಮ್ಮನ ಬಳಿ ಒಂದು ಸಲ ಕಾರಣ ಕೇಳಿದ್ದೇನೆ. "ಅಣ್ಣನ ಮುಖ ನೋಡ್ಲಿಕ್ಕಾಗ್ತಿರ್ಲಿಲ್ಲ. ನಿನಗೂ ಒಳ್ಳೆದಾಗ್ತದೆ ಅಂತ" ಎಂದರು. ನನ್ನನ್ನೇ ಯಾಕೆ, ಅಕ್ಕನನ್ನು ಯಾಕಲ್ಲ ಎಂದು ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಈಗ ಅಮ್ಮ ನನ್ನ ಜೊತೆಗೇ ಇದ್ದಾರೆ. ಚೆನ್ನಾಗಿಯೇ ಇದ್ದೇವೆ. ಅವರ ಮಾತ್ರೆ, ಅವರಿಷ್ಟದ ಮೀನು ಯಾವುದನ್ನೂ ನಾನು ಮರೆಯುವುದಿಲ್ಲ. ಆದರೆ ಅವರ ಮಡಿಲಲ್ಲಿ ತಲೆಯಿಟ್ಟು ಕಣ್ಣು ಮುಚ್ಚುತ್ತಿದ್ದ ಹುಡುಗಿ ಆ ಸೇತುವೆಯ ಬಳಿಯಿಂದ ಮರಳಿ ಬರಲಿಲ್ಲ.

ಮೊನ್ನೆ ಟಿವಿಯಲ್ಲಿ ಆ ಅರಮನೆ ಬಂತು. ಅಮ್ಮನ ಮುಖ ಅರಳಿತು.

"ನಾವು ಹೋಗಿದ್ದೆವಲ್ಲ! ಎಷ್ಟು ಚಂದದ ಊರು ಮಾರಾಯ್ತಿ. ಎಷ್ಟು ದಿನ ಇದ್ದೆವು, ನಾಲ್ಕೋ ಐದೋ?"

"ನೀವು ಐದು ದಿನ ಅಮ್ಮ" ಎಂದೆ.

ಅವರು ತಲೆಯಾಡಿಸಿ, ಟಿವಿ ನೋಡುತ್ತಲೇ ಇದ್ದರು.